ಅವ್ವನ ಕೈಗೊಂದು ಫೋನು



ಸುಗ್ಗಿ ಮುಗಿದ ಮೇಲೆ ನಮ್ಮ ಕಲ್ಲೂರಿನ ಓಣಿಗಳನ್ನು ಒಮ್ಮೆ ನೋಡ್ರಿ. ಎಷ್ಟೋ ಮನೆಗಳಿಗೆ ಬೀಗ. ಬೀಗ ಇಲ್ಲದ ಮನೆಗಳಲ್ಲಿ ಮುದುಕರು ಮತ್ತು ಸಣ್ಣ ಮಕ್ಕಳು. ದುಡಿಯುವವರೆಲ್ಲ ಗುಳೆ ಹೋಗಿದ್ದಾರೆ. ಬೆಂಗಳೂರು, ಹೈದರಾಬಾದು, ಪುಣೆ. ಎಲ್ಲಿ ಕೆಲಸ ಸಿಕ್ಕರೆ ಅಲ್ಲಿ. ಮನೆಯಲ್ಲಿ ಉಳಿದ ಅವ್ವನಿಗೆ ರಾತ್ರಿ ಜ್ವರ ಬಂದರೆ ಯಾರಿಗೆ ಹೇಳಬೇಕು? ಅತ್ತೆ ಬಚ್ಚಲದಾಗ ಜಾರಿ ಬಿದ್ದರೆ ಯಾರನ್ನು ಕರೀಬೇಕು?

ಇದಕ್ಕೇ ಮಕ್ಕಳು ಫೋನು ಕೊಡಿಸುತ್ತಾರೆ. ಕೊಡಿಸಿ ಹೋಗುತ್ತಾರೆ. ಎರಡು ತಿಂಗಳು ಬಿಟ್ಟು ಬಂದು ನೋಡಿದರೆ ಫೋನು ಗೋಡೆಯ ಗೂಡಿನಲ್ಲಿ ದೇವರ ಫೋಟೋದ ಹಿಂದೆ ಇರುತ್ತದೆ. ಚಾರ್ಜು ಇಲ್ಲ. ಕರೆನ್ಸಿ ಇಲ್ಲ. ಕೇಳಿದರೆ "ನನಗ ಅದರ ಗೊಡವಿ ಬ್ಯಾಡವ್ವ, ಒತ್ತಿದ್ರ ಏನೇನೋ ಬರ್ತದ" ಅಂತಾರೆ.

ತಪ್ಪು ಅವರದಲ್ಲ. ಫೋನು ಕೊಂಡವರು ತಮ್ಮ ಕಣ್ಣಿನಿಂದ ನೋಡಿ ಕೊಂಡರು. ತಮ್ಮ ಕಿವಿಯಿಂದ ಕೇಳಿ ಕೊಂಡರು. ಬಳಸಬೇಕಾದದ್ದು ಎಪ್ಪತ್ತು ವರ್ಷದ ಕಣ್ಣು, ಎಪ್ಪತ್ತು ವರ್ಷದ ಕಿವಿ, ಎಪ್ಪತ್ತು ವರ್ಷ ಕಳೆ ಕಿತ್ತ ಬೆರಳು.

ಇನ್ನೊಂದು ಮಾತು ಇದೆ. ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಫೋನು ಹಚ್ಚಲು ಬಾರದ ಅವ್ವ ಪಕ್ಕದ ಮನೆ ಹುಡುಗನನ್ನು ಕರೆಯುತ್ತಾಳೆ. ಹುಡುಗ ನಂಬರು ಹಚ್ಚಿ ಕೊಡುತ್ತಾನೆ, ಅಲ್ಲೇ ನಿಲ್ಲುತ್ತಾನೆ. ಆಗ ಅವ್ವ ಮಗಳಿಗೆ ಏನು ಹೇಳಬಲ್ಲಳು? "ಆರಾಮ ಅದೀನಿ, ನೀ ಆರಾಮ ಅದಿ?" ಅಷ್ಟೇ. ಮನಸಿನ ಮಾತು ಮನಸಿನಲ್ಲೇ ಉಳಿಯುತ್ತದೆ. ತನ್ನ ಕೈಯಿಂದ ತಾನೇ ಫೋನು ಹಚ್ಚುವುದು ಎಂದರೆ ಸಣ್ಣ ಸಂಗತಿ ಅಲ್ಲ. ಅಕ್ಷರ ಕಲಿಯುವ ಮೊದಲು ಬೇರೆಯವರ ಕೈಯಲ್ಲಿ ಪತ್ರ ಓದಿಸಿಕೊಂಡ ನಮಗೆ ಇದು ಬೇಗ ತಿಳಿಯುತ್ತದೆ.

ಫೋನು ಹುಟ್ಟಿದ್ದು ಎಲ್ಲಿ?

ಫೋನು ಕಂಡುಹಿಡಿದವರು ಅಲೆಕ್ಸಾಂಡರ್ ಗ್ರಹಾಂ ಬೆಲ್. 1876ರಲ್ಲಿ ಅಮೆರಿಕದಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. ಅವರ ತಾಯಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಅವರ ಹೆಂಡತಿಗೂ ಕೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದು ಆಕೆಯ ಕಿವಿ ಹೋಗಿತ್ತು. ಬೆಲ್ ಅವರ ಕೆಲಸ ಏನು ಗೊತ್ತೇ? ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವುದು. ಅವರೂ ಮಾಸ್ತರರೇ! ಕಿವಿ, ದನಿ, ಮಾತು ಇವುಗಳ ಚಿಂತೆಯಲ್ಲೇ ಇದ್ದ ಮನೆಯಿಂದ ಫೋನು ಬಂತು. ಕಿವಿ ಕೇಳದವರಿಗೆ ಫೋನು ಬೇಡ ಎಂದು ಯಾರಾದರೂ ಅಂದರೆ ಈ ಸಂಗತಿ ಅವರಿಗೆ ಹೇಳ್ರಿ.

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಮಾತು ನಡೆದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ದಿಲ್ಲಿಗೆ. ಆಗ ನಮ್ಮ ಕಡೆ ಹಳದಿ ಬಣ್ಣದ ಎಸ್.ಟಿ.ಡಿ. ಅಂಗಡಿಗಳ ಕಾಲ. ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಅಂಗಡಿಗಳನ್ನು ಕೊಡುವಾಗ ಅಂಗವಿಕಲರಿಗೆ ಆದ್ಯತೆ ಇತ್ತು. ಈಗ ಆ ಅಂಗಡಿಗಳು ಹೋದವು. ಫೋನು ಎಲ್ಲರ ಕೈಗೆ ಬಂತು.

ಮೊದಲು ಅವ್ವನನ್ನು ನೋಡ್ರಿ, ಆಮೇಲೆ ಫೋನು

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡ್ರಿ. ದುಡ್ಡು ಬೇಡ, ಡಾಕ್ಟರು ಬೇಡ.

ಬಾಗಿಲ ಬೆಳಕಿನಲ್ಲಿ ಅವ್ವನನ್ನು ಕೂಡಿಸ್ರಿ. ಗೋಡೆಯ ಕ್ಯಾಲೆಂಡರ್ ತಂದು ಕೈಗೆ ಕೊಡ್ರಿ. ದೊಡ್ಡ ತಾರೀಖು ಕಾಣುತ್ತದೆಯೇ? ಅದರ ಕೆಳಗಿನ ಸಣ್ಣ ಅಕ್ಷರ ಕಾಣುತ್ತದೆಯೇ? ಓದು ಬಾರದಿದ್ದರೂ ಪರವಾಗಿಲ್ಲ. "ಇಲ್ಲಿ ಏನಾದರೂ ಬರೆದದ್ದು ಕಾಣ್ತದ?" ಎಂದು ಕೇಳಿದರೆ ಸಾಕು.

ಆಮೇಲೆ ಅವರ ಬೆನ್ನ ಹಿಂದೆ ನಾಲ್ಕು ಹೆಜ್ಜೆ ದೂರ ನಿಲ್ಲಿರಿ. ಸಾದಾ ದನಿಯಲ್ಲಿ ಕರೆಯಿರಿ. ಮುಂದೆ ನಿಂತು ಕರೆದರೆ ಪ್ರಯೋಜನ ಇಲ್ಲ. ಏಕೆಂದರೆ ಕಿವಿ ಮಂದ ಇರುವವರು ನಮ್ಮ ತುಟಿ ನೋಡಿ ಅರ್ಧ ಮಾತು ತಿಳಿದುಕೊಳ್ಳುತ್ತಾರೆ. ಫೋನಿನಲ್ಲಿ ತುಟಿ ಕಾಣುವುದಿಲ್ಲ. ಎದುರು ಕೂತಾಗ ಚೆನ್ನಾಗಿ ಮಾತಾಡುವ ಮುದುಕಿ ಫೋನಿನಲ್ಲಿ ಮಾತ್ರ "ಆಂ? ಆಂ?" ಅನ್ನುವುದಕ್ಕೆ ಇದೇ ಕಾರಣ.

ಕುಪ್ಪಸದ ಹುಕ್ಕು ಅವರೇ ಹಾಕಿಕೊಳ್ಳುತ್ತಾರೆಯೇ? ಅಕ್ಕಿಯಲ್ಲಿ ಕಲ್ಲು ಆರಿಸುತ್ತಾರೆಯೇ? ಹಾಗಾದರೆ ಬೆರಳು ಗಟ್ಟಿ ಇದೆ. ಚಹದ ಕಪ್ಪು ಹಿಡಿದರೆ ಕೈ ನಡುಗುತ್ತದೆಯೇ? ಅದನ್ನೂ ನೆನಪಿಡ್ರಿ. ಒಬ್ಬೊಬ್ಬರ ಕೊರತೆ ಒಂದೊಂದು. ಎಲ್ಲರಿಗೂ ಒಂದೇ ಫೋನು ಹೊಂದುವುದಿಲ್ಲ. ಒಂದೇ ಅಳತೆಯ ಬಳೆ ಎಲ್ಲರ ಕೈಗೆ ಹೊಂದುತ್ತದೆಯೇ?

ಕಿವಿ ಮಂದ ಇದ್ದರೆ

ವಯಸ್ಸಾದಂತೆ ಕಿವಿ ಒಮ್ಮೆಲೇ ಹೋಗುವುದಿಲ್ಲ. ಮೊದಲು ಸಣ್ಣ ದನಿ, ಕೀರಲು ದನಿ ಹೋಗುತ್ತದೆ. ದಪ್ಪ ದನಿ ಬಹಳ ಕಾಲ ಕೇಳುತ್ತದೆ. ಅದಕ್ಕೇ ಅಜ್ಜಿಗೆ ಮಗನ ಮಾತು ಕೇಳುತ್ತದೆ, ಮೊಮ್ಮಗಳ ಮಾತು ಕೇಳುವುದಿಲ್ಲ. "ನನ್ನ ಮಾತು ಬೇಕಂತಲೇ ಕೇಳಂಗಿಲ್ಲ" ಎಂದು ಸೊಸೆ ಸಿಟ್ಟಾಗುವುದುಂಟು. ಬೇಕಂತಲೇ ಅಲ್ಲ ಅಕ್ಕಾ, ಕಿವಿಯ ಗುಣ ಅದು.

ಇದರಿಂದ ಫೋನು ಕೊಳ್ಳುವವರು ಕಲಿಯುವುದು ಏನು? ಫೋನಿನ ಗಂಟೆಯ ಸದ್ದು ಚಿಲಿಪಿಲಿ ಇರಬಾರದು. ದಪ್ಪ ಸದ್ದು ಇರಬೇಕು. ಡೊಳ್ಳಿನಂತಹ ಸದ್ದು, ಗಡಸು ದನಿಯ ಹಾಡು, ಇವು ಹೊಂದುತ್ತವೆ. ಗಂಟೆಯ ಜೊತೆಗೆ ನಡುಕ ಇರಲಿ, ದೀಪವೂ ಹೊತ್ತಲಿ. ಕಿವಿ ತಪ್ಪಿದರೆ ಮೈಗೆ ತಿಳಿಯುತ್ತದೆ, ಮೈ ತಪ್ಪಿದರೆ ಕಣ್ಣಿಗೆ ತಿಳಿಯುತ್ತದೆ.

ಮಾತಿನ ಸದ್ದು ಎಷ್ಟು ಏರುತ್ತದೆ ಎಂಬುದೂ ಮುಖ್ಯ. ಸದ್ದು ಹೆಚ್ಚು ಕಡಿಮೆ ಮಾಡುವ ಗುಂಡಿ ಫೋನಿನ ಪಕ್ಕದಲ್ಲಿ ಬೇರೆಯಾಗಿ ಇದ್ದರೆ ಒಳ್ಳೆಯದು. ಒಳಗೆ ಹೋಗಿ ಹುಡುಕುವಂತಿದ್ದರೆ ಹಿರಿಯರಿಗೆ ಆಗದು. ಸ್ಪೀಕರ್ ಹಾಕಿದರೆ ಎರಡೂ ಕಿವಿಗೆ ಕೇಳುತ್ತದೆ, ನಿಜ. ಆದರೆ ಓಣಿಗೂ ಕೇಳುತ್ತದೆ. ಮೇಲೆ ಹೇಳಿದ ಮನಸಿನ ಮಾತು ಮತ್ತೆ ಬಾಯಲ್ಲೇ ಉಳಿಯುತ್ತದೆ. ಆದ್ದರಿಂದ ಸ್ಪೀಕರ್ ಇಲ್ಲದೆಯೇ ಕೇಳುವ ಫೋನು ಹುಡುಕುವುದು ಮೇಲು.

ಕಿವಿಯ ಹಿಂದೆ ಇಡುವ ಶ್ರವಣ ಯಂತ್ರ ಕೆಲವರಿಗೆ ಇರುತ್ತದೆ. ಅವರು ಫೋನನ್ನು ಕಿವಿಯ ತೂತಿಗೆ ಹಿಡಿಯುತ್ತಾರೆ. ಏನೂ ಕೇಳುವುದಿಲ್ಲ. ಯಂತ್ರ ಸದ್ದು ಹಿಡಿಯುವ ಜಾಗ ಕಿವಿಯ ಮೇಲ್ಭಾಗದಲ್ಲಿ ಇದೆ. ಫೋನನ್ನು ಸ್ವಲ್ಪ ಮೇಲಕ್ಕೆ, ಹಿಂದಕ್ಕೆ, ಯಂತ್ರದ ಹತ್ತಿರ ಹಿಡಿಯಬೇಕು. ಇದನ್ನು ಒಮ್ಮೆ ತೋರಿಸಿಕೊಟ್ಟರೆ ಸಾಕು. ಕೆಲವು ಫೋನುಗಳು ಯಂತ್ರದ ಹತ್ತಿರ ಬಂದರೆ ಗೊರ್ರ್ ಎನ್ನುತ್ತವೆ. 2ಜಿ ಫೋನಿನಲ್ಲಿ ಇದು ಹೆಚ್ಚು. ಆದ್ದರಿಂದ ಯಂತ್ರ ಹಾಕಿಕೊಂಡೇ ಅಂಗಡಿಗೆ ಹೋಗಬೇಕು, ಹಾಕಿಕೊಂಡೇ ಮಾತಾಡಿ ನೋಡಬೇಕು.

ಯಂತ್ರ ಇಲ್ಲದವರು ಮೊದಲು ಕಿವಿ ತೋರಿಸ್ರಿ. ಬರೀ ಗುಗ್ಗೆ ತುಂಬಿ ಕಿವಿ ಮುಚ್ಚಿರಬಹುದು. ತೆಗೆಸಿದರೆ ಹೊಸ ಫೋನು ಬೇಕಾಗುವುದೇ ಇಲ್ಲ! ಆದರೆ ಪಿನ್ನು, ಕಡ್ಡಿ ಹಾಕಿ ನೀವೇ ತೆಗೆಯಬೇಡಿ. ರಾಯಚೂರಿನ ರಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜು. ಅದರ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ತೋರಿಸಬಹುದು. ಬಡ ಹಿರಿಯರಿಗೆ ಶ್ರವಣ ಯಂತ್ರ, ಕನ್ನಡಕ, ಊರುಗೋಲು ಕೊಡುವ ಕೇಂದ್ರ ಸರ್ಕಾರದ ಯೋಜನೆ 2017ರಲ್ಲಿ ಶುರುವಾಯಿತು. ಅದರ ಹೆಸರು ರಾಷ್ಟ್ರೀಯ ವಯೋಶ್ರೀ ಯೋಜನೆ. 60 ದಾಟಿದವರಿಗೆ ಶಿಬಿರಗಳಲ್ಲಿ ಕೊಡುತ್ತಾರೆ. ಶಿಬಿರ ಯಾವಾಗ ಎಂದು ಪಂಚಾಯ್ತಿಯಲ್ಲಿ ಕೇಳುತ್ತಾ ಇರ್ರಿ. ಕಿವಿ ಮತ್ತು ಮಾತಿನ ತೊಂದರೆಗೆಂದೇ ಮೈಸೂರಿನಲ್ಲಿ ಒಂದು ದೊಡ್ಡ ಸಂಸ್ಥೆ ಇದೆ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಎಂದು ಹೆಸರು. 1965ರಿಂದ ಇದೆ. ನಮಗೆ ಅದು ದೂರ. ಆದರೂ ಹೆಸರು ಗೊತ್ತಿರಲಿ.

ಕಿವಿ ಮಂದ ಇದ್ದವರ ಸಂಗಡ ಮಾತಾಡುವಾಗ ಚೀರಬೇಡಿ. ಚೀರಿದರೆ ದನಿ ಒಡೆಯುತ್ತದೆ, ಇನ್ನೂ ತಿಳಿಯುವುದಿಲ್ಲ. ನಿಧಾನವಾಗಿ, ದಪ್ಪ ದನಿಯಲ್ಲಿ, ಸಣ್ಣ ಸಣ್ಣ ಮಾತು ಆಡ್ರಿ. ಬೆಲ್ ತಮ್ಮ ತಾಯಿಯ ಹಣೆಯ ಹತ್ತಿರ ಬಾಯಿಟ್ಟು ಕೆಳದನಿಯಲ್ಲಿ ಮಾತಾಡುತ್ತಿದ್ದರಂತೆ. ಆಕೆಗೆ ತಿಳಿಯುತ್ತಿತ್ತಂತೆ.

ಕಿವಿ ಪೂರ್ತಿ ಹೋದವರಿಗೆ ಗುಂಡಿ ಫೋನು ಬೇಡ. ಅವರಿಗೆ ದೊಡ್ಡ ಪರದೆಯ ಫೋನೇ ಬೇಕು. ವಿಡಿಯೋ ಕಾಲ್ ಮಾಡಿದರೆ ಮುಖ ಕಾಣುತ್ತದೆ, ಕೈಸನ್ನೆ ಕಾಣುತ್ತದೆ. ನಮ್ಮ ಕೇಂದ್ರಕ್ಕೆ ಬರುವ ಒಬ್ಬರ ಮಾವನವರಿಗೆ ಏನೂ ಕೇಳುವುದಿಲ್ಲ. ದಿನಾ ಸಂಜೆ ಪುಣೆಯಲ್ಲಿರುವ ಮಗ ಊಟದ ತಾಟು ತೋರಿಸುತ್ತಾನೆ. ಇವರು ಇಲ್ಲಿಂದ ತಮ್ಮ ತಾಟು ತೋರಿಸುತ್ತಾರೆ. ಮಾತೇ ಇಲ್ಲ. ಇಬ್ಬರಿಗೂ ಸಮಾಧಾನ.

ಕಣ್ಣು ಮಂಜಾಗಿದ್ದರೆ

ಪೊರೆ ಬಂದ ಕಣ್ಣಿಗೆ ಬಿಸಿಲು, ಝಳಪು ಆಗುವುದಿಲ್ಲ. ಹೊಳೆಯುವ ಪರದೆ ಕಾಣುವುದಿಲ್ಲ. ಕರಿಯ ಹಿನ್ನೆಲೆಯ ಮೇಲೆ ಬಿಳಿ ಅಂಕಿ, ಅಥವಾ ಬಿಳಿಯ ಮೇಲೆ ಕಪ್ಪು ಅಂಕಿ ಇರಬೇಕು. ಬೂದು ಮೇಲೆ ಬೆಳ್ಳಿ ಬಣ್ಣದ ಅಂಕಿ ಬರೆದ ಫೋನು ಅಂಗಡಿಯಲ್ಲಿ ಚೆಂದ ಕಾಣುತ್ತದೆ. ಮನೆಗೆ ತಂದರೆ ಅವ್ವನಿಗೆ ಕಾಣುವುದೇ ಇಲ್ಲ.

ಪೊರೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಆಪರೇಷನ್ ಇದೆ. ಅದನ್ನು ಮಾಡಿಸುವುದು ಮೊದಲ ಕೆಲಸ. ಫೋನು ಎರಡನೆಯದು.

ಕಣ್ಣು ಪೂರ್ತಿ ಕಾಣದವರೂ ಗುಂಡಿ ಫೋನು ಬಳಸುತ್ತಾರೆ. ಹೇಗೆ? ನಿಮ್ಮ ಫೋನಿನ 5ರ ಗುಂಡಿಯ ಮೇಲೆ ಬೆರಳು ಆಡಿಸಿ ನೋಡ್ರಿ. ಸಣ್ಣ ಚುಕ್ಕೆ ಅಥವಾ ಗೆರೆ ಉಬ್ಬಿರುತ್ತದೆ. ಕಾಣದವರ ಬೆರಳಿಗೆ ದಾರಿ ತೋರಿಸಲೆಂದೇ ಅದನ್ನು ಮಾಡಿದ್ದು. 5 ಸಿಕ್ಕರೆ ಅದರ ಮೇಲೆ 2, ಕೆಳಗೆ 8, ಎಡಕ್ಕೆ 4, ಬಲಕ್ಕೆ 6. ಕೆಲವು ಫೋನುಗಳು ಗುಂಡಿ ಒತ್ತಿದಾಗ ಅಂಕಿಯನ್ನು ಬಾಯಿಬಿಟ್ಟು ಹೇಳುತ್ತವೆ. ಕನ್ನಡದಲ್ಲಿ ಹೇಳುತ್ತದೆಯೇ, ಇಂಗ್ಲಿಷಿನಲ್ಲಿ ಹೇಳುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ ನೋಡಬೇಕು.

ಬೆರಳು, ಕೈ

ಟಚ್ ಫೋನು ಹಿರಿಯರ ಬೆರಳಿಗೆ ಬಗ್ಗುವುದಿಲ್ಲ. ಅವರು ಒತ್ತುತ್ತಲೇ ಇರುತ್ತಾರೆ, ಅದು ಸುಮ್ಮನೆ ಇರುತ್ತದೆ. ಯಾಕೆ? ಟಚ್ ಫೋನು ಒತ್ತಿದ್ದನ್ನು ನೋಡುವುದಿಲ್ಲ. ಚರ್ಮದಲ್ಲಿ ಹರಿಯುವ ಸಣ್ಣ ವಿದ್ಯುತ್ತನ್ನು ನೋಡುತ್ತದೆ. ವಯಸ್ಸಾದ ಬೆರಳು ಒಣಗಿರುತ್ತದೆ. ಹತ್ತಿ ಬಿಡಿಸಿ, ಕಳೆ ಕಿತ್ತು ಚರ್ಮ ದಪ್ಪ ಆಗಿರುತ್ತದೆ. ಅದಕ್ಕೆ ತಿಳಿಯುವುದಿಲ್ಲ. ಆಧಾರ್ ಯಂತ್ರದಲ್ಲಿ ಹೆಬ್ಬೆಟ್ಟು ಬೀಳದೆ ಒದ್ದಾಡಿದವರಿಗೆ ಇದು ಗೊತ್ತೇ ಇದೆ. ಬೆರಳಿಗೆ ಸ್ವಲ್ಪ ತೇವ ಮಾಡಿ ಒತ್ತಿದರೆ ಟಚ್ ಫೋನು ಕೇಳಬಹುದು.

ನಡುಗುವ ಕೈಗೆ ಗಟ್ಟಿ ಗುಂಡಿ ಬೇಕು. ಗುಂಡಿಗಳ ನಡುವೆ ಅಂತರ ಇರಬೇಕು. ಒತ್ತಿದಾಗ 'ಟಕ್' ಎಂದು ಬೆರಳಿಗೆ ತಿಳಿಯಬೇಕು. ತೀರ ಮೆತ್ತಗಿನ ಗುಂಡಿಯಾದರೆ ಒಂದು ಒತ್ತಿದರೆ ಎರಡು ಬೀಳುತ್ತದೆ.

ಲಕ್ವ ಹೊಡೆದು ಒಂದು ಕೈ ಬಿದ್ದವರಿಗೆ ಮಡಚುವ ಫೋನು ಬೇಡ. ಅದನ್ನು ತೆರೆಯಲು ಎರಡು ಕೈ ಬೇಕು. ಎರಡೂ ಕೈ ಇರುವವರಿಗೆ ಮಡಚುವ ಫೋನು ಒಳ್ಳೆಯದು. ತೆರೆದರೆ ಮಾತು, ಮುಚ್ಚಿದರೆ ಬಂದ್. ಹಸಿರು, ಕೆಂಪು ಗುಂಡಿ ಹುಡುಕುವ ಕೆಲಸ ಇಲ್ಲ.

ಮಾತು ನಿಂತವರಿಗೆ, ಮರೆವು ಬಂದವರಿಗೆ

ಲಕ್ವದಿಂದ ಕೆಲವರಿಗೆ ಮಾತು ನಿಲ್ಲುತ್ತದೆ. ಬುದ್ಧಿ ಇದ್ದೇ ಇರುತ್ತದೆ. ಅವರಿಗೆ ಮಿಸ್ ಕಾಲ್ ಇದೆಯಲ್ಲ! ಒಂದು ಮಿಸ್ ಕಾಲ್ ಬಂದರೆ 'ಆರಾಮ ಅದೀನಿ'. ಬಿಟ್ಟೂ ಬಿಡದೆ ಮೂರು ಬಂದರೆ 'ಬೇಗ ಬಾ'. ಇಷ್ಟು ಒಪ್ಪಂದ ಮಾಡಿಕೊಂಡರೆ ಸಾಕು. ದುಡ್ಡು ಉಳಿಸಲು ಕಲಿತ ವಿದ್ಯೆ ಇಲ್ಲಿ ಜೀವ ಉಳಿಸುತ್ತದೆ.

ಮರೆವಿನ ಕಾಯಿಲೆ ಇದ್ದವರಿಗೆ ಹೊಸ ಫೋನು ಕೊಡಿಸಲೇಬೇಡಿ. ಹಳೆಯದು ನಡೆಯುತ್ತಿದ್ದರೆ ಅದೇ ಇರಲಿ. ಕೈಗೆ ರೂಢಿಯಾದದ್ದು ತಲೆ ಮರೆತರೂ ಕೈ ಮರೆಯುವುದಿಲ್ಲ. ಅದು ಕೆಟ್ಟರೆ ಅಂತಹದೇ ಇನ್ನೊಂದು ಹುಡುಕಿರಿ.

ಅಂಗಡಿಯಲ್ಲಿ

ನಮ್ಮ ಕೇಂದ್ರದ ಒಬ್ಬ ತಂಗಿ ತನ್ನ ಅತ್ತೆಯನ್ನು ಕರೆದುಕೊಂಡು ಮಾನ್ವಿಗೆ ಹೋದಳು. ಕಬ್ಬಿಣದಂತಹ ಹೆಣ್ಣುಮಗಳು. ಅಂಗಡಿಯಲ್ಲಿ ನಡೆದ ಮಾತನ್ನು ಅವಳೇ ಬಂದು ಹೇಳಿದಳು. ಓದ್ರಿ.

"ಅಣ್ಣಾ, ನಮ್ಮ ಅತ್ತೀಗೆ ಒಂದು ಫೋನ್ ತೋರಿಸ್ರಿ. ಕಣ್ಣು ಮಂಜು, ಕಿವಿ ಮಂದ."

"ಇದು ತಗೋರಿ ಅಕ್ಕಾ. ಕ್ಯಾಮರಾ ಅದ, ರೇಡಿಯೋ ಅದ, ಆಟ ಅದ."

"ಆಟ ಯಾರು ಆಡ್ತಾರಣ್ಣ? ಡಬ್ಬಿ ತೆಗೆದು ಕೊಡ್ರಿ. ಅತ್ತೀ, ಇದನ್ನ ಹಿಡೀರಿ. ಅಂಕಿ ಕಾಣ್ತಾವ?"

"ಹೊಳೀತದ. ಕಾಣಂಗಿಲ್ಲ."

"ಬ್ಯಾರೆ ತೋರಿಸ್ರಿ ಅಣ್ಣಾ. ಕರಿ ಗುಂಡಿ, ಬಿಳಿ ಅಂಕಿ ಇರಬೇಕು."

ಎರಡನೆಯದು ತಂದರು. ಗುಂಡಿ ಕಂಡಿತು. ಸೊಸೆ ತನ್ನ ಸಿಮ್ ತೆಗೆದು ಅದಕ್ಕೆ ಹಾಕಿಸಿದಳು. ಅಂಗಡಿಯಿಂದ ಹೊರಗೆ ರಸ್ತೆಗೆ ಹೋಗಿ ಊರಿಗೆ ಫೋನು ಹಚ್ಚಿ ಅತ್ತೆಯ ಕೈಗೆ ಕೊಟ್ಟಳು. ರಸ್ತೆಯಲ್ಲಿ ಲಾರಿ, ಬಸ್ಸು, ಆಟೋ ಸದ್ದು. ಆ ಸದ್ದಿನಲ್ಲಿ ಕೇಳಿದರೆ ಮನೆಯಲ್ಲಿ ಕೇಳೇ ಕೇಳುತ್ತದೆ.

"ಕೇಳ್ತದೇನ್ರಿ ಅತ್ತೀ?"

"ಕೇಳ್ತದ. ನಿನ್ನ ಮಗಳು ಎಮ್ಮಿಗೆ ನೀರು ಕುಡಿಸಿಲ್ಲಂತ."

ಅಂಗಡಿಯವರೂ ನಕ್ಕರು. ಆ ಫೋನನ್ನೇ ತಂದರು. ಗುಂಡಿ ಫೋನಿಗೆ ಸಾವಿರ, ಎರಡು ಸಾವಿರದ ಒಳಗೆ ದುಡ್ಡು ಸಾಕು. ಬಿಲ್ ತಪ್ಪದೇ ಕೇಳಿ ಪಡೆಯಿರಿ. ಬಿಲ್ ಇಲ್ಲದಿದ್ದರೆ ಗ್ಯಾರಂಟಿ ಇಲ್ಲ. ಬಿಲ್ಲಿನ ಮೇಲೆ 15 ಅಂಕಿಯ ಒಂದು ನಂಬರು ಇರುತ್ತದೆ. ಅದು ಫೋನಿನ ಗುರುತು. ಫೋನಿನಲ್ಲಿ *#06# ಎಂದು ಒತ್ತಿದರೂ ಅದೇ ನಂಬರು ಬರುತ್ತದೆ. ಎರಡೂ ಒಂದೇ ಇದೆಯೇ ಎಂದು ಅಂಕಿ ಅಂಕಿ ಕೂಡಿಸಿ ಓದ್ರಿ. ಫೋನು ಕಳೆದರೆ ದೂರು ಕೊಡಲು ಇದೇ ಬೇಕು.

ಸಿಮ್ಮು ಮತ್ತು ಕರೆನ್ಸಿ

ಫೋನು ಚೆನ್ನಾಗಿದೆ, ಸಿಮ್ ನಡೆಯುವುದಿಲ್ಲ ಎಂಬ ಪಜೀತಿ ಬಹಳ ಜನರಿಗೆ ಆಗಿದೆ. ಜಿಯೋ ಸಿಮ್ 2ಜಿ ಫೋನಿನಲ್ಲಿ ನಡೆಯುವುದಿಲ್ಲ. ಅದಕ್ಕೆ 4ಜಿ ಗುಂಡಿ ಫೋನು ಬೇಕು. 2023ರಲ್ಲಿ ಬಂದ ಜಿಯೋಭಾರತ್ ಫೋನಿನಲ್ಲಿ ಜಿಯೋ ಸಿಮ್ ಒಂದೇ ನಡೆಯುತ್ತದೆ, ಬೇರೆಯದು ನಡೆಯುವುದಿಲ್ಲ. ಆದ್ದರಿಂದ ಮೊದಲು ಅವ್ವ ಮಲಗುವ ಜಾಗದಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ನೋಡ್ರಿ. ಊರ ಬಾಗಿಲಲ್ಲಿ ಸಿಕ್ಕರೆ ಸಾಲದು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆಯ ಒಳಗೆ ಸಿಗಬೇಕು. ಆ ಸಿಮ್ ಆರಿಸಿ, ಅದಕ್ಕೆ ಹೊಂದುವ ಫೋನು ಕೊಳ್ಳಿರಿ.

ಗುಂಡಿ ಫೋನಿಗೆ ಇಂಟರ್ನೆಟ್ ದುಡ್ಡು ಯಾಕೆ ಕಟ್ಟಬೇಕು? 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ನಿಯಮ ಮಾಡಿತು. ಮಾತು ಮತ್ತು ಮೆಸೇಜು ಮಾತ್ರ ಇರುವ ಪ್ಯಾಕನ್ನು ಕಂಪನಿಗಳು ಕೊಡಲೇಬೇಕು. ಅಂಗಡಿಯವರು ತಾವಾಗಿ ಹೇಳುವುದಿಲ್ಲ. "ಡೇಟಾ ಬ್ಯಾಡ, ಬರೇ ಮಾತಿನ ಪ್ಯಾಕ್ ಹಾಕ್ರಿ" ಎಂದು ನಾವೇ ಕೇಳಬೇಕು. ತಿಂಗಳು ತಿಂಗಳಿಗಿಂತ ಉದ್ದ ದಿನದ ಪ್ಯಾಕ್ ಒಳ್ಳೆಯದು. ಗುಳೆ ಹೋಗುವ ಮೊದಲೇ ಹಾಕಿಸಿ ಹೋಗಬಹುದು. ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುಂಡಗೆ ಗುರುತು ಮಾಡ್ರಿ.

ಕರೆನ್ಸಿ ಹಾಕದೆ ಬಹಳ ದಿನ ಬಿಟ್ಟರೆ ನಂಬರು ಹೋಗುತ್ತದೆ. ಮುಂದೆ ಅದೇ ನಂಬರನ್ನು ಬೇರೆಯವರಿಗೆ ಕೊಡುತ್ತಾರೆ. ಅವ್ವನ ಬ್ಯಾಂಕ್ ಖಾತೆ, ಸಂಧ್ಯಾ ಸುರಕ್ಷಾ ಪಿಂಚಣಿಯ ಮೆಸೇಜು ಎಲ್ಲ ಆ ನಂಬರಿಗೆ ಜೋಡಿಸಿದ್ದರೆ ಎಷ್ಟು ತಾಪತ್ರಯ ನೋಡ್ರಿ. ಸಿಮ್ ಅವ್ವನ ಹೆಸರಿನಲ್ಲೇ ಇರಲಿ.

ಮನೆಗೆ ತಂದ ಮೇಲೆ

ನಿಜವಾದ ಕೆಲಸ ಈಗ ಶುರು. ಫೋನಿನಲ್ಲಿ ನೂರು ಹೆಸರು ತುಂಬಬೇಡಿ. ನಾಲ್ಕು ಸಾಕು. ಒಂದು ಗುಂಡಿ ಒತ್ತಿ ಹಿಡಿದರೆ ಒಬ್ಬರಿಗೆ ಹೋಗುವಂತೆ ಮಾಡಬಹುದು. ಇದಕ್ಕೆ ಸ್ಪೀಡ್ ಡಯಲ್ ಎನ್ನುತ್ತಾರೆ. 1ರ ಗುಂಡಿ ಬಹಳ ಫೋನುಗಳಲ್ಲಿ ಬೇರೆ ಕೆಲಸಕ್ಕೆ ಇರುತ್ತದೆ. ಆದ್ದರಿಂದ 2ರಿಂದ ಶುರು ಮಾಡ್ರಿ. 2 ಮಗಳು. 3 ಮಗ. 4 ಪಕ್ಕದ ಮನೆ. 6 ಆಶಾ ಕಾರ್ಯಕರ್ತೆ. 5 ಯಾಕೆ ಬಿಟ್ಟೆವು? ಮುಂದೆ ಹೇಳುತ್ತೇವೆ.

ಗುಂಡಿ ಗುರುತು ಹಿಡಿಯಲು ಟಿಕಳಿ ಇದೆಯಲ್ಲ! ಮಗಳ ಗುಂಡಿಗೆ ಹರಳಿನ ಟಿಕಳಿ ಅಂಟಿಸ್ರಿ. ಬೆರಳಿಗೆ ಉಬ್ಬು ತಾಗುತ್ತದೆ. ಮಗನ ಗುಂಡಿಗೆ ಸಾದಾ ಕೆಂಪು ಟಿಕಳಿ. ಕಣ್ಣಿಗೆ ಬಣ್ಣ ಕಾಣುತ್ತದೆ. ಇದಕ್ಕೆ ಯಾವ ಕಂಪನಿಯೂ ಬೇಡ. ಐದು ರೂಪಾಯಿ ಪಾಕೀಟು ಸಾಕು.

ಫೋನು ಇಡುವ ಜಾಗ ಒಂದೇ ಇರಲಿ. ಬಹಳ ಅಜ್ಜಿಯರು ಎಲೆ ಅಡಿಕೆ ಚಂಚಿಯಲ್ಲಿ ಇಡುತ್ತಾರೆ. ಸುಣ್ಣದ ಡಬ್ಬಿ ಒಡೆದು ಫೋನು ಹಾಳಾಗುತ್ತದೆ. ಬೇರೆ ಸಣ್ಣ ಚೀಲ ಹೊಲಿದು ಕೊರಳಿಗೆ ಹಾಕ್ರಿ. ಬಿದ್ದರೂ ಫೋನು ಮೈಮೇಲೇ ಇರುತ್ತದೆ. ದೂರದ ಗೂಡಿನಲ್ಲಿರುವ ಫೋನು ಬಿದ್ದವರಿಗೆ ಸಿಗುವುದಿಲ್ಲ.

ಚಾರ್ಜರ್ ತುದಿ ತಿರುವು ಮುರುವು ಹಾಕಿ ಒತ್ತಿ ಮುರಿಯುವವರು ಬಹಳ. ಎರಡೂ ಕಡೆ ಹೋಗುವ ಟೈಪ್ ಸಿ ತೂತು ಇರುವ ಫೋನು ಸಿಕ್ಕರೆ ಅದನ್ನೇ ತಗೊಳ್ರಿ. ಇಲ್ಲದಿದ್ದರೆ ತುದಿಯ ಮೇಲ್ಭಾಗಕ್ಕೆ ಉಗುರು ಬಣ್ಣದ ಚುಕ್ಕೆ ಇಡ್ರಿ. ಚುಕ್ಕೆ ಮೇಲೆ ಬರಬೇಕು ಎಂದು ಹೇಳಿಕೊಡ್ರಿ. ಗುಂಡಿ ಫೋನು ಒಮ್ಮೆ ಚಾರ್ಜು ಮಾಡಿದರೆ ದಿನಗಟ್ಟಲೆ ಬರುತ್ತದೆ. ನಮ್ಮ ಜಿಲ್ಲೆಯ ಶಕ್ತಿನಗರದ ಕರೆಂಟು ರಾಜ್ಯಕ್ಕೆಲ್ಲ ಹೋಗುತ್ತದೆ. ನಮ್ಮ ಓಣಿಯಲ್ಲಿ ಯಾವಾಗ ಹೋಗುತ್ತದೋ ಹೇಳಲಾಗದು!

ಕಲಿಸುವಾಗ ಅವಸರ ಮಾಡಬೇಡಿ. ದಿನಕ್ಕೆ ಒಂದೇ ಪಾಠ. ಮೊದಲ ವಾರ ಬಂದ ಫೋನು ಎತ್ತುವುದು. ಎರಡನೆಯ ವಾರ ಮಗಳಿಗೆ ಹಚ್ಚುವುದು. ಫೋನು ಅವರ ಕೈಯಲ್ಲೇ ಇರಬೇಕು. ಕಸಿದುಕೊಂಡು "ಹಿಂಗ್ ಮಾಡ್ಬೇಕು" ಎಂದು ಟಪಟಪ ಒತ್ತಿ ತೋರಿಸಿದರೆ ಯಾರೂ ಕಲಿಯುವುದಿಲ್ಲ. ಬಳಪ ಹಿಡಿದ ಮೊದಲ ದಿನ ನಮ್ಮ ಕೈ ಹೇಗೆ ನಡುಗಿತ್ತು? ಹಾಗೇ ಇದು.

ಆಪತ್ತಿನ ಗುಂಡಿ

2016ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ಮಾಡಿತು. 2017ರಿಂದ ಮಾರುವ ಗುಂಡಿ ಫೋನುಗಳಲ್ಲಿ 5 ಅಥವಾ 9ರ ಗುಂಡಿ ಒತ್ತಿ ಹಿಡಿದರೆ ಆಪತ್ತಿನ ಕರೆ ಹೋಗುವಂತೆ ಇರಬೇಕು. ಅದಕ್ಕೇ ನಾವು 5 ಬಿಟ್ಟೆವು. ನಿಮ್ಮ ಫೋನಿನಲ್ಲಿ 5ಕ್ಕೆ ಇದೆಯೋ 9ಕ್ಕೆ ಇದೆಯೋ ಅಂಗಡಿಯವರನ್ನೇ ಕೇಳ್ರಿ. ಸುಮ್ಮನೆ ಒತ್ತಿ ನೋಡಬೇಡಿ. ನಿಜವಾಗಿ ಕರೆ ಹೋಗುತ್ತದೆ.

ಕೆಲವು ಫೋನುಗಳ ಬೆನ್ನಿಗೆ ಅಥವಾ ಪಕ್ಕಕ್ಕೆ ಬೇರೆಯೇ ಕೆಂಪು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ನಾವು ಬರೆದಿಟ್ಟ ಮನೆಯವರ ನಂಬರುಗಳಿಗೆ ಒಂದಾದ ಮೇಲೆ ಒಂದು ಕರೆ ಹೋಗುತ್ತದೆ. ಒಂಟಿಯಾಗಿ ಇರುವವರಿಗೆ ಇದು ಬಹಳ ಉಪಯೋಗ. ಆ ಪಟ್ಟಿಯಲ್ಲಿ ಬೆಂಗಳೂರಿನ ಮಗನನ್ನು ಮೊದಲು ಹಾಕಬೇಡಿ. ಪಕ್ಕದ ಮನೆಯವರನ್ನು ಮೊದಲು ಹಾಕ್ರಿ. ಮಗ ಬರಲು ಒಂದು ರಾತ್ರಿ ಬೇಕು. ಪಕ್ಕದ ಮನೆಯವರಿಗೆ ಹತ್ತು ಹೆಜ್ಜೆ ಸಾಕು. ಅವರನ್ನು ಕೇಳಿ, ಒಪ್ಪಿಸಿ, ಆಮೇಲೆ ಹಾಕ್ರಿ.

ಇನ್ನು ಈ ನಂಬರುಗಳು ಗೊತ್ತಿರಲಿ. 112 ಪೊಲೀಸರು, ಬೆಂಕಿ, ಯಾವುದೇ ಆಪತ್ತು. 108 ಆಂಬುಲೆನ್ಸ್. ನಮ್ಮ ರಾಜ್ಯದಲ್ಲಿ ಇದು 2008ರ ನವೆಂಬರ್ 1ರಿಂದ ಇದೆ. 14567 ಹಿರಿಯರ ಸಹಾಯವಾಣಿ. ಪಿಂಚಣಿ, ಆಸ್ಪತ್ರೆ ವಿಷಯ ಕೇಳಲು, ಮನೆಯಲ್ಲಿ ಹಿಂಸೆ ಆದರೆ ಹೇಳಲು.

ಫೋನು ಕೈಗೆ ಬಂದ ಮೇಲೆ ಕಳ್ಳರೂ ಅದರಲ್ಲೇ ಬರುತ್ತಾರೆ. "ನಿಮ್ಮ ಪಿಂಚಣಿ ನಿಂತದ, ಮೆಸೇಜಿಗೆ ಬಂದ ನಂಬರು ಹೇಳ್ರಿ" ಎಂದು ಕೇಳುತ್ತಾರೆ. ಆ ನಂಬರಿಗೆ ಓಟಿಪಿ ಎನ್ನುತ್ತಾರೆ. ಅದು ಟ್ರಂಕಿನ ಕೀಲಿ ಇದ್ದಂತೆ. ಬ್ಯಾಂಕಿನವರು, ತಾಲೂಕು ಕಚೇರಿಯವರು ಯಾರೂ ಫೋನಿನಲ್ಲಿ ಅದನ್ನು ಕೇಳುವುದಿಲ್ಲ. ಅವ್ವನಿಗೆ ಒಂದೇ ಮಾತು ಕಲಿಸ್ರಿ: "ನನ್ನ ಮಗಳನ್ನ ಕೇಳಿ ಹೇಳ್ತೀನಿ." ಅಷ್ಟು ಹೇಳಿ ಕೆಂಪು ಗುಂಡಿ ಒತ್ತಲಿ. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಫೋನು ಮಾಡ್ರಿ. ತಡ ಆದಷ್ಟೂ ದುಡ್ಡು ದೂರ ಹೋಗುತ್ತದೆ.

ಬರೆಯೋಣ

ಒಂದು ರಟ್ಟು ತಗೊಳ್ರಿ. ಹಳೆಯ ನೋಟುಬುಕ್ಕಿನ ರಟ್ಟು ಆದರೂ ಆದೀತು. ಕಪ್ಪು ಸ್ಕೆಚ್ ಪೆನ್ನಿನಿಂದ ಬೆರಳಗಲ ಎತ್ತರದ ಅಂಕಿಗಳಲ್ಲಿ ಈ ಐದು ನಂಬರು ಬರೆಯಿರಿ: ಮಗಳು, ಮಗ, ಪಕ್ಕದ ಮನೆ, 108, 112. ಹತ್ತು ಅಂಕಿಯ ನಂಬರನ್ನು ಒಂದೇ ಸಾಲಾಗಿ ಬರೆಯಬೇಡಿ. ಐದು ಅಂಕಿ, ಸ್ವಲ್ಪ ಜಾಗ, ಮತ್ತೆ ಐದು ಅಂಕಿ ಬರೆಯಿರಿ. ನಂಬರಿನ ಮುಂದೆ ಗುರುತಿನ ಚಿತ್ರ ಬಿಡಿಸ್ರಿ. ಮಗಳಿಗೆ ಬಳೆ, ಪಕ್ಕದ ಮನೆಗೆ ಬಾಗಿಲು, 108ಕ್ಕೆ ಗಾಡಿ. ಬರೆದದ್ದನ್ನು ಫೋನಿನಲ್ಲಿ ಇರುವುದಕ್ಕೆ ಹೋಲಿಸಿ ಎರಡು ಸಲ ಓದ್ರಿ. ಒಂದು ಅಂಕಿ ತಪ್ಪಿದರೆ ಫೋನು ಇನ್ನೊಬ್ಬರ ಮನೆಗೆ ಹೋಗುತ್ತದೆ. ಅವ್ವ ಮಲಗುವ ಕಡೆ, ಅವರ ಕಣ್ಣಿನ ಎತ್ತರಕ್ಕೆ ಗೋಡೆಗೆ ಅಂಟಿಸ್ರಿ. ಬರುವ ಸೋಮವಾರ ಕೇಂದ್ರಕ್ಕೆ ಬಂದಾಗ, ಅವ್ವ ತಾವೇ ಯಾರಿಗೆ ಮೊದಲು ಫೋನು ಹಚ್ಚಿದರು, ಏನು ಮಾತಾಡಿದರು ಎಂಬುದನ್ನು ಐದು ಸಾಲಿನಲ್ಲಿ ಬರೆದು ತರ್ರಿ. ಮನಸಿನ ಮಾತು ಆಗಿದ್ದರೆ ಬರೆಯಬೇಡಿ, ಅದು ಅವರಿಗೇ ಇರಲಿ.